ಕೂಡಿ ನುಡಿಸಿದವರ ಹೆಸರು

ಜಪಾನಿನ ಸಂಗೀತಗಾರ ಹರುಓಮಿ ಹೊಸೊನೊ ಎಂಬವರು 1978ರಲ್ಲಿ ಹೊರತಂದ ಒಂದು ಧ್ವನಿಮುದ್ರಿಕೆಯು ಹೋಟೆಲು ಕಸುಬಿನ ನಮ್ಮವರು ಅರಿಯತಕ್ಕದ್ದಾಗಿದೆ. ಅದರ ಹೆಸರು 'ಕೊಚ್ಚಿನ್ ಮೂನ್', ಎಂದರೆ ಕೊಚ್ಚಿಯ ಚಂದ್ರ. ಅದರ ಮೂರು ಭಾಗಗಳಿಗೆ 'ಹೋಟೆಲ್ ಮಲಬಾರ್' ಎಂದೇ ಹೆಸರು: ಒಂದು ಕೆಳ ಅಂತಸ್ತು, ಇನ್ನೊಂದು ಮೇಲಂತಸ್ತು, ಮತ್ತೊಂದು ಮಾಳಿಗೆಯ ಮೇಲಣ ತೋಟ.

ಹೊಸೊನೊ ಅವರು ಚಿತ್ರಕಾರ ತದನೊರಿ ಯೊಕೊ ಅವರೊಡನೆ ಭಾರತದಲ್ಲಿ ಸಂಚರಿಸಿ, ಆ ನೆನಪಿನಿಂದ ಇದನ್ನು ರಚಿಸಿದರು. ಎಂದೂ ತಯಾರಾಗದ ಒಂದು ಹಿಂದಿ ಚಲಚ್ಚಿತ್ರಕ್ಕೆ ಸಂಗೀತವೆಂಬುದು ಇದರ ಕಲ್ಪನೆ. ಮುಖಪುಟದ ಚಿತ್ರ ಯೊಕೊ ಅವರದು. ಕೃತಿಗೆ ಇಬ್ಬರ ಹೆಸರೂ ಇದೆ. ತಂತಿ, ಚರ್ಮಗಳ ವಾದ್ಯಗಳಿಗೆ ಬದಲಾಗಿ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಥಸೈಸರ್ ಯಂತ್ರಗಳೇ ಇಲ್ಲಿ ಪ್ರಧಾನ. ಅವುಗಳಿಗೆ ಸ್ವರಕ್ರಮವನ್ನು ಹೊಂದಿಸಿದವರು ಹಿಡೆಕಿ ಮತ್ಸುತಾಕೆ. ನುಡಿಸಿದವರಲ್ಲಿ ರ್ಯುಇಚಿ ಸಕಮೊಟೊ ಒಬ್ಬರು. ಅದೇ ವರ್ಷ ಹೊಸೊನೊ, ಸಕಮೊಟೊ, ಯುಕಿಹಿರೊ ತಕಹಾಶಿ ಈ ಮೂವರು ಸೇರಿ ಕಟ್ಟಿದ 'ಯೆಲ್ಲೊ ಮ್ಯಾಜಿಕ್ ಆರ್ಕೆಸ್ಟ್ರಾ' ಮುಂದೆ ಲೋಕಪ್ರಸಿದ್ಧವಾಯಿತು.

ಈ ಕೃತಿಯನ್ನು ನಾವು ಹಳಿಯುವುದಿಲ್ಲ. ಪ್ರವಾಸಿಯು ತಾನು ಕಂಡುದನ್ನು ಕಲ್ಪನೆಯಲ್ಲಿ ಬೆಳೆಸುವುದು ಸಹಜ. ಒಂದು ಭಾಗಕ್ಕೆ ಹೆಪಟೈಟಿಸ್ ಎಂಬ ರೋಗದ ಹೆಸರನ್ನೇ ಇಟ್ಟಿರುವುದನ್ನು ನೋಡಿದರೆ ಪ್ರವಾಸದ ಕಷ್ಟವನ್ನೂ ಅವರು ಮರೆಮಾಚಲಿಲ್ಲವೆಂದು ತಿಳಿಯುತ್ತದೆ. ಆದರೆ ಒಂದು ಮಾತನ್ನು ಹೇಳದಿರಲಾಗದು. ಮೂರು ಅಂತಸ್ತುಗಳ ಈ ಹೋಟೆಲಿನಲ್ಲಿ ಅಡಿಗೆಮನೆ ಇಲ್ಲ! ಅತಿಥಿಯ ಕಣ್ಣಿಗೆ ಬೀಳುವುದು ಕೊಠಡಿ ಮತ್ತು ಮಾಳಿಗೆ. ಒಲೆಯ ಮುಂದೆ ನಿಂತವನಲ್ಲ. ನಮ್ಮ ನಾಡಿನ ಹೆಸರು ಅಲ್ಲಿದೆ, ನಮ್ಮ ಜನರ ಕೈ ಇಲ್ಲ.

ಹಾಗಾದರೆ ಪರದೇಶದವರೊಡನೆ ಸಮಾನವಾಗಿ ಕೂಡಿ ನುಡಿಸಿದ ನಮ್ಮವರು ಇಲ್ಲವೆ? ಇದ್ದಾರೆ. ಬೆಂಗಳೂರಿನಲ್ಲಿ ಶ್ರೀ ಟಿ. ಎ. ಎಸ್. ಮಣಿಯವರು 1964ರಲ್ಲಿ 'ಕರ್ನಾಟಕ ಕಾಲೇಜ್ ಆಫ್ ಪರ್ಕಷನ್' ಎಂಬ ತಾಳವಾದ್ಯಗಳ ಶಾಲೆಯನ್ನು ಸ್ಥಾಪಿಸಿದರು. ಈ ಶಾಲೆಯವರೂ ಅಮೇರಿಕದ ಚಾರ್ಲಿ ಮರಿಯಾನೊ ಅವರೂ ಕೂಡಿ 1983ರಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆಯನ್ನು ಜರ್ಮನಿಯ ಇ.ಸಿ.ಎಂ. ಸಂಸ್ಥೆಯ ಮೂಲಕ ಹೊರತಂದರು. ಶ್ರೀ ಕದ್ರಿ ಗೋಪಾಲನಾಥರಿಂದಾಗಿ ನಮ್ಮ ಕರಾವಳಿಯವರಿಗೆಲ್ಲ ಆಪ್ತವಾಗಿರುವ ಸ್ಯಾಕ್ಸೊಫೋನ್ ವಾದ್ಯದಲ್ಲಿ ಮರಿಯಾನೊ ನಿಪುಣರಾಗಿದ್ದರು. ಶ್ರೀಮತಿ ಆರ್. ಎ. ರಮಾಮಣಿಯವರ ಕಂಠ, ಮಣಿಯವರ ಮೃದಂಗ, ಶ್ರೀ ಆರ್. ಎ. ರಾಜಗೋಪಾಲರ ಘಟ, ಶ್ರೀ ಟಿ. ಎನ್. ಶಶಿಕುಮಾರರ ಖಂಜಿರ ಇವೆಲ್ಲವೂ ಅದರಲ್ಲಿವೆ. ಮುಖಪುಟದಲ್ಲಿ ಮರಿಯಾನೊ ಅವರ ಹೆಸರಿನ ಜೊತೆಯಲ್ಲಿಯೇ ಶಾಲೆಯ ಹೆಸರೂ ಅಚ್ಚಾಗಿದೆ. 'ಮತ್ತು ಪಕ್ಕವಾದ್ಯದವರು' ಎಂದು ತೇಲಿಸಿಬಿಟ್ಟಿಲ್ಲ. ಸಹಯೋಗವೆಂದರೆ ಇದು.

ಇಂತಹ ಸಹಯೋಗವನ್ನು ಕಾಣಲು ಜರ್ಮನಿಗೆ ಹೋಗಬೇಕೆಂದಿಲ್ಲ. ವಿಜಯವಾಡದಲ್ಲಿ ಬೆಳೆದ ಶ್ರೀ ಎಂ. ಬಾಲಮುರಳಿಕೃಷ್ಣರು 1975ರ 'ಹಂಸಗೀತೆ' ಎಂಬ ಕನ್ನಡ ಚಿತ್ರಕ್ಕೆ ಹಾಡಿ ರಾಷ್ಟ್ರ ಪ್ರಶಸ್ತಿಯನ್ನು ಪಡೆದರು. ತೆಲುಗರ ಕಂಠಕ್ಕೆ ಕನ್ನಡದ ಚಿತ್ರದಿಂದ ಮನ್ನಣೆ. ಕನ್ನಡದ ಚಿತ್ರಕ್ಕೆ ತೆಲುಗರ ಕಂಠದಿಂದ ಶೋಭೆ.

ಈಗ ನಮ್ಮ ಮಾತಿಗೆ ಬರೋಣ. ವಿಶಾಖಪಟ್ಟಣ, ಋಷಿಕೊಂಡಗಳ ಕಡಲ ದಡದಲ್ಲಿ ಹೋಟೆಲಿನ ಒಲೆ, ಗಲ್ಲಾಗಳ ಮುಂದೆ ಹಾಗೂ ಕಛೇರಿಗಳಲ್ಲಿ ದುಡಿಯುತ್ತಿರುವ ಕನ್ನಡಿಗರು ವರ್ಷಕ್ಕೊಮ್ಮೆ ರಾಜ್ಯೋತ್ಸವಕ್ಕೆಂದು ಸೇರುವುದು ಸರಿಯಷ್ಟೆ. ಅಂದಿನ ಮೈಸೂರು ರಾಜ್ಯವೂ ಆಂಧ್ರ ಪ್ರದೇಶವೂ 1956ರ ನವೆಂಬರ್ 1ರಂದೇ ಉದಯಿಸಿದುವು. ಒಂದೇ ದಿನ ಹುಟ್ಟಿದ ಈ ಎರಡು ಮನೆಗಳ ಹಬ್ಬದಲ್ಲಿ ತೆಲುಗು ಕಲಾವಿದರು ನಮ್ಮ ವೇದಿಕೆಯಲ್ಲಿ ನಮ್ಮವರೊಡನೆ ಏಕೆ ಕುಳಿತುಕೊಳ್ಳಬಾರದು?

'ವರ್ಷದಲ್ಲಿ ಒಂದು ದಿನವಾದರೂ ನಮ್ಮ ನುಡಿಯನ್ನು ಮಾತ್ರ ಕೇಳೋಣವೆಂದರೆ ಅದಕ್ಕೂ ಕಲ್ಲು ಹಾಕುತ್ತೀರಾ?' ಎಂದು ಕೆಲವರು ಕೇಳಬಹುದು. ದಿನವಿಡೀ ಪರಭಾಷೆಯಲ್ಲಿ ವ್ಯವಹರಿಸಿ ದಣಿದವರ ಈ ಆಕ್ಷೇಪಣೆಯು ನ್ಯಾಯವಾದುದೇ. ಆದರೆ ಕೂಡಿ ನುಡಿಸಿದ ಮಾತ್ರಕ್ಕೆ ಯಾರೂ ತಮ್ಮ ನುಡಿಯನ್ನು ಕಳೆದುಕೊಳ್ಳುವುದಿಲ್ಲ. ಮರಿಯಾನೊ ಅವರ ಜೊತೆಗೂಡಿದರೆಂದು ರಮಾಮಣಿಯವರು ತಮ್ಮ ಸಂಗೀತವನ್ನು ಬಿಟ್ಟುಕೊಡಲಿಲ್ಲ.

ಮಾಡಬೇಕಾದುದು ದೊಡ್ಡದೇನಲ್ಲ. ಉತ್ಸವಕ್ಕೆ ಮೊದಲೇ ಇತ್ತಂಡದವರೂ ಕೂಡಿ ಅಭ್ಯಾಸ ಮಾಡಲಿ. ಸಂಭಾವನೆಯಲ್ಲಿ ನಮ್ಮವರು, ಅನ್ಯರು ಎಂಬ ಭೇದ ಬೇಡ. ಆಮಂತ್ರಣ ಪತ್ರಿಕೆಯಲ್ಲಿ ಡೋಲು ಬಾರಿಸುವವನಿಂದ ಹಿಡಿದು ಎಲ್ಲರ ಹೆಸರೂ ಒಂದೇ ಗಾತ್ರದ ಅಕ್ಷರದಲ್ಲಿರಲಿ. ಆ ದಿನದ ಅಡಿಗೆಯವರ ಹೆಸರೂ ಸೇರಲಿ. ಜೀವಮಾನವಿಡೀ 'ಏ ಮಾಣಿ' ಎಂದು ಕರೆಯಿಸಿಕೊಂಡು ದುಡಿದವರಿಗೆ ಹೆಸರಿನ ಬೆಲೆಯನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ತಮಗೆ ಸಲ್ಲದಿದ್ದ ಮರ್ಯಾದೆಯನ್ನು ತಮ್ಮ ವೇದಿಕೆಗೆ ಬಂದವರಿಗೆ ಸಲ್ಲಿಸುವ ಅವಕಾಶವು ನಮ್ಮ ಸಂಘಗಳಿಗಿದೆ. ಬರುವ ನವೆಂಬರಿನಲ್ಲಿಯೇ ಅದಕ್ಕೆ ಆರಂಭವಾಗಲಿ.