ಚೀಟಿಯಲ್ಲಿ ಹೆಸರಿಲ್ಲದ ಕೂಸು

ಹೊರನಾಡ ಕನ್ನಡಿಗರೆಂದೊಡನೆ ನಮಗೆ ನೆನಪಾಗುವವರು ಬ್ಯಾಂಕು, ಕಚೇರಿ, ಹೋಟೆಲುಗಳವರು. ಯಾದಗಿರಿ, ಕಲಬುರಗಿ, ವಿಜಯಪುರಗಳಿಂದ ಮುಂಬಯಿ-ಪುಣೆಗಳಿಗೆ ಗಾರೆಕೆಲಸಕ್ಕೆ ಬಂದವರ ಮಕ್ಕಳೂ ನಮ್ಮವರೇ ಅಲ್ಲವೇ?

2008ರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಕುಟುಂಬಕ್ಕೆ ಐವರೆಂಬ ಮಿತಿಯಿತ್ತು. 2018ರ ಆಯುಷ್ಮಾನ್ ಭಾರತ ಆ ಮಿತಿಯನ್ನು ತೆಗೆದು, ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಯನ್ನು ರಾಜ್ಯದ ಗಡಿಯಾಚೆಗೂ ಒದಗಿಸಿತು. ಆದರೂ ಎಷ್ಟೋ ಕೂಸುಗಳು ಹೊರಗೇ ಉಳಿದಿವೆ. ಪಡಿತರ ಚೀಟಿ ಊರಿನದು, ಕೂಸು ಹುಟ್ಟಿದ್ದು ಇಲ್ಲಿ. ಚೀಟಿಯಲ್ಲಿ ಅದರ ಹೆಸರಿಲ್ಲ. ಜನನಪತ್ರದಲ್ಲಿ ಹೆಸರಿನ ಜಾಗ ಖಾಲಿ. ತುಂಬಿದ್ದರೂ ಮರಾಠಿ ಪದ್ಧತಿಯಂತೆ ತಂದೆಯ ಹೆಸರು ನಡುವೆ ಸೇರಿ ಊರಿನ ದಾಖಲೆಯೊಡನೆ ತಾಳೆಯಾಗದು. ಕಡತಗಳ ನಡುವೆಯೇ ಆಯುಷ್ಯ ಸವೆಸಿದ ನಾನು ಬಲ್ಲೆ: ಒಂದಕ್ಷರದ ವ್ಯತ್ಯಾಸಕ್ಕೆ ಅರ್ಜಿ ಹಿಂದಿರುಗುತ್ತದೆ, ಕೂಲಿಯವನ ಒಂದು ದಿನದ ದುಡಿಮೆಯೂ ಅದರೊಡನೆ ಹೋಗುತ್ತದೆ.

ಕಾನೂನು ಇಲ್ಲಿ ಅಡ್ಡಿಯಲ್ಲ. 1969ರ ಜನನ-ಮರಣ ನೋಂದಣಿ ಕಾಯಿದೆಯ ನಿಯಮಗಳಂತೆ ಮಗುವಿನ ಹೆಸರನ್ನು ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ, ಅನಂತರ 15 ವರ್ಷಗಳವರೆಗೆ ಶುಲ್ಕ ತೆತ್ತು ಸೇರಿಸಬಹುದು. ಐದರೊಳಗಿನ ಮಗುವಿಗೆ ಅದರ ಬೆರಳಚ್ಚಿಲ್ಲದೆಯೇ ಆಧಾರ್ ದೊರೆಯುತ್ತದೆ. ಇದನ್ನು ತಿಳಿಹೇಳಿ ಅರ್ಜಿ ತುಂಬಿಕೊಡುವವರು ಬೇಕು, ಅದೂ ಕನ್ನಡದಲ್ಲಿ.

ರಾಜ್ಯೋತ್ಸವಕ್ಕೆ ಚಪ್ಪರ ಹಾಕುವ ನಮ್ಮ ಸಂಘಗಳು ಭಾನುವಾರಗಳಂದು ಎರಡು ಗಂಟೆ ಒಂದು ಮೇಜು ಹಾಕಲಾರವೇ? ನಿವೃತ್ತ ಗುಮಾಸ್ತರಿಗೆ ನಮ್ಮಲ್ಲಿ ಬರವಿಲ್ಲ. ಆ ಕುಟುಂಬಗಳು ಯುಗಾದಿಗೋ ಜಾತ್ರೆಗೋ ಊರಿಗೆ ಹೊರಡುವ ಮುನ್ನ ಕಾಗದಪತ್ರಗಳು ಕೈಯಲ್ಲಿದ್ದರೆ, ಹೆಸರು ಸೇರಿಸುವ ಕೆಲಸ ಅದೇ ಪಯಣದಲ್ಲಿ ಮುಗಿದೀತು.