ಸಳನ ಕೈಗೆ ಸೆಳೆ ಕೊಟ್ಟವರು ಯಾರು?

ಬೇಲೂರಿನ ಗುಡಿಗೆ ಹೋದವರೆಲ್ಲ ಸಳನ ವಿಗ್ರಹವನ್ನು ನೋಡಿದ್ದಾರೆ. ಮೃಗದ ಮೇಲೆ ಎರಗಿ ನಿಂತ ಆ ತರುಣನನ್ನು ತೋರಿಸಿ, "ನೋಡಿ, ಅದು ರಕ್ತಗುಣ, ಹುಟ್ಟಿನಿಂದ ಬಂದದ್ದು" ಎನ್ನುವ ಮಹನೀಯರಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಐತಿಹ್ಯದ ಉಳಿದರ್ಧವನ್ನು ಇವರು ನುಂಗಿಬಿಡುತ್ತಾರೆ. ಸೊಸೆವೂರಿನಲ್ಲಿ ಸಳನು ಸುದತ್ತ ಮುನಿಯ ಬಳಿ ಇದ್ದನು. "ಹೊಯ್ ಸಳ" ಎಂದವನು ಆ ಗುರು. ಕೈಗೆ ಸೆಳೆ ಕೊಟ್ಟವನೂ ಆ ಗುರುವೇ. ಗುರುವೂ ಇಲ್ಲದೆ ಸೆಳೆಯೂ ಇಲ್ಲದೆ ಇದ್ದಿದ್ದರೆ ಸಳನು ಮೃಗದ ಪಾಲಾಗುತ್ತಿದ್ದನು. ಹೊಯ್ಸಳರ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಇಂದು ನಮ್ಮ ಸರ್ಕಾರಿ ಹೈಸ್ಕೂಲುಗಳ ಮಕ್ಕಳಿಗೆ "ಹೊಯ್" ಎನ್ನುವವರು ನೂರು ಜನರಿದ್ದಾರೆ. ಸೆಳೆ ಕೊಡುವವರು ಮಾತ್ರ ಒಬ್ಬರೂ ಇಲ್ಲ.

ಹೋಬಳಿ ಮಟ್ಟದ ಕ್ರೀಡಾಕೂಟದ ದಿನ ಒಮ್ಮೆ ಮೈದಾನಕ್ಕೆ ಹೋಗಿ ನೋಡಿ. ಕಟ್ಟುಮಸ್ತಾದ ಒಬ್ಬ ಹುಡುಗ ಬರಿಗಾಲಿನಲ್ಲಿ ನೂರು ಮೀಟರ್ ಓಡುತ್ತಾನೆ. ಬೆವರು ಆರುವ ಮೊದಲೇ ಉದ್ದ ಜಿಗಿತಕ್ಕೆ ನಿಲ್ಲುತ್ತಾನೆ. ಮಧ್ಯಾಹ್ನ ಕಬಡ್ಡಿ, ಆಮೇಲೆ ಖೋ ಖೋ, ಸಂಜೆಗೆ ರಿಲೇ. "ಇವನು ಹುಟ್ಟಾ ಆಟಗಾರ ಕಣ್ರೀ!" ಎಂದು ಎಲ್ಲರೂ ಬೆನ್ನು ತಟ್ಟುತ್ತಾರೆ. ಕಪ್ಪು ಶಾಲೆಯ ಬೀರುವಿಗೆ ಹೋಗುತ್ತದೆ. ಹುಡುಗ ಊದಿದ ಕಾಲನ್ನು ಎಳೆದುಕೊಂಡು ಮನೆಗೆ ಹೋಗುತ್ತಾನೆ. ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ಅವನು ಎಲ್ಲಿ ಹೋದನೆಂದು ಕೇಳುವವರಿಲ್ಲ. ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿರುತ್ತಾನೆ, ಇಲ್ಲವೆ ಬೆಂಗಳೂರಿನ ರೈಲು ಹತ್ತಿರುತ್ತಾನೆ. ಹುಡುಗಿಯಾದರೆ ಗಾರ್ಮೆಂಟ್ಸ್ ಕಾರ್ಖಾನೆಯ ಹೊಲಿಗೆ ಯಂತ್ರದ ಮುಂದೆ ಕುಳಿತಿರುತ್ತಾಳೆ.

ಒಬ್ಬನೇ ಹಲವು ಆಟ ಆಡುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಅದು ಒಳ್ಳೆಯದು. 2016ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘವೇ, ಹದಿನೈದು ಹದಿನಾರು ವಯಸ್ಸಿನವರೆಗೆ ಮಕ್ಕಳನ್ನು ಒಂದೇ ಆಟಕ್ಕೆ ಕಟ್ಟಿಹಾಕಬೇಡಿ ಎಂದು ತಿಳಿಸಿತು. ನಮ್ಮವರನ್ನೇ ನೋಡಿ. 1983ರ ವಿಶ್ವಕಪ್ಪಿನಲ್ಲಿ 18 ವಿಕೆಟ್ ಪಡೆದ ರೋಜರ್ ಬಿನ್ನಿ ಶಾಲಾ ದಿನಗಳಲ್ಲಿ ಜಾವೆಲಿನ್ ಎಸೆದವರು. ಫುಟ್‌ಬಾಲನ್ನೂ ಹಾಕಿಯನ್ನೂ ಆಡಿದವರು. 1973ರ ವಿಶ್ವಕಪ್ಪಿನಲ್ಲಿ ಭಾರತದ ಹಾಕಿ ತಂಡವನ್ನು ನಡೆಸಿ ಬೆಳ್ಳಿ ತಂದ ಕೊಡಗಿನ ಎಂ.ಪಿ. ಗಣೇಶ್ ಮೊದಲು ಫುಟ್‌ಬಾಲ್ ಆಟಗಾರರು. ಸೈನ್ಯ ಸೇರಿದ ಮೇಲೆ ಹಾಕಿಯಲ್ಲಿ ಬೆಳೆದವರು. ಆದರೆ ವರ್ಷವಿಡೀ ಹಲವು ಆಟ ಕಲಿಯುವುದು ಬೇರೆ, ಒಂದೇ ದಿನ ಒಬ್ಬನನ್ನೇ ಐದು ನೊಗಕ್ಕೆ ಕಟ್ಟುವುದು ಬೇರೆ. ಮೊದಲನೆಯದು ಶಿಕ್ಷಣ. ಎರಡನೆಯದು ಕೂಲಿಯಿಲ್ಲದ ಓವರ್‌ಟೈಮ್. ಗಿರಣಿಯ ಕೆಲಸಗಾರ ಬಂಧುಗಳಿಗೆ ಈ ವ್ಯತ್ಯಾಸವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಉಳ್ಳವರ ಮಕ್ಕಳ ಪಾಡು ಇನ್ನೊಂದು ಬಗೆ. ಎಂಟು ವರ್ಷದ ಕೂಸಿಗೆ ಪ್ಯಾಡು ಕಟ್ಟಿ ಕ್ರಿಕೆಟ್ ಅಕಾಡೆಮಿಗೆ ತಿಂಗಳ ಫೀಸು ತೆರುತ್ತಾರೆ. ಆ ಮಗು ಮರ ಹತ್ತಲಿಲ್ಲ, ಕುಂಟೆಬಿಲ್ಲೆ ಆಡಲಿಲ್ಲ. ಅದಕ್ಕೆ ಹಣವಿದೆ, ಬಾಲ್ಯವಿಲ್ಲ. ನಮ್ಮ ಮಗುವಿಗೆ ಎಲ್ಲ ಆಟಗಳೂ ಇವೆ, ಕಾಲಿಗೆ ಬೂಟಿಲ್ಲ.

"ಪ್ರತಿಭೆ ಇದ್ದರೆ ತಾನೇ ಮೇಲೆ ಬರುತ್ತದೆ" ಎಂಬುದು ಈ ಜನರ ಮಂತ್ರ. ಬರುತ್ತದೆಯೆ? 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಪತ್ರಿಕೆಗಳು ಲೆಕ್ಕ ಹಾಕಿ, ನೂರು ಮೀಟರಿಗೆ 9.55 ಎಂದವು; ಉಸೇನ್ ಬೋಲ್ಟನ 9.58ನ್ನು ಮೀರಿದರೆಂದು ಕುಣಿದವು. ಕೋಣಗಳ ಎಳೆತವನ್ನು ಲೆಕ್ಕದಿಂದ ಕಳೆಯುವ ವ್ಯವಧಾನ ಯಾರಿಗಿತ್ತು? ಕೇಂದ್ರದ ಮಂತ್ರಿಗಳು ಪರೀಕ್ಷೆಗೆ ಕರೆದರು. ಕಂಬಳದ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂದು ಗೌಡರು ಹೋಗಲಿಲ್ಲ. ಎಲ್ಲರಿಗಿಂತ ವಿವೇಕದ ಮಾತನ್ನಾಡಿದವರು ಅವರೊಬ್ಬರೇ. ಆಗ ಅವರಿಗೆ 28 ವಯಸ್ಸು. ಕಟ್ಟಡದ ಕೆಲಸ ಅವರ ಕಸುಬು. ಅವರು ಹದಿನಾಲ್ಕರ ಹುಡುಗನಾಗಿದ್ದಾಗ ಈ ಮಂತ್ರಿಮಹೋದಯರ ಗಡಿಯಾರ ಎಲ್ಲಿತ್ತು?

ನಮ್ಮ ತಾಲ್ಲೂಕಿಗೇ ಬನ್ನಿ. ಜಾವಗಲ್ ಹೆಸರನ್ನು ಜಗತ್ತಿಗೆಲ್ಲ ಕೇಳಿಸಿದ ಶ್ರೀನಾಥರು ಹುಟ್ಟಿ ಓದಿ ಆಡಿ ಬೆಳೆದದ್ದು ಮೈಸೂರಿನಲ್ಲಿ. 1996ರ ಅಕ್ಟೋಬರಿನಲ್ಲಿ ದೆಹಲಿಯ ಟೆಸ್ಟಿಗೆ ಅವರು ಗಾಯದಿಂದ ಇಲ್ಲವಾದಾಗ ಆ ಜಾಗಕ್ಕೆ ಬಂದ ವೇಗದ ಬೌಲರ್ ಡೇವಿಡ್ ಜಾನ್ಸನ್. 1971ರಲ್ಲಿ ಅವರು ಹುಟ್ಟಿದ್ದು ನಮ್ಮ ಅರಸೀಕೆರೆಯಲ್ಲಿ! ಆಡಿದ್ದು ಎರಡೇ ಟೆಸ್ಟು. 2024ರ ಜೂನಿನಲ್ಲಿ ತೀರಿಕೊಂಡರು. ಅವರ ಬೌಲಿಂಗ್ ಹದಗೊಂಡದ್ದೂ ಬೆಂಗಳೂರಿನ ಮೈದಾನಗಳಲ್ಲಿಯೇ. ಊರ ಹೆಸರು ನಮ್ಮದು, ಮೈದಾನ ದೊಡ್ಡ ಪಟ್ಟಣದ್ದು. ಅಲ್ಲಿಗೆ ಹೋಗಲಾಗದೆ ಇಲ್ಲಿಯೇ ಉಳಿದವರನ್ನು ಎಣಿಸಿದವರಾರು?

ಹುಟ್ಟಿನಿಂದ ಮೈಕಟ್ಟಿನಲ್ಲಿ ಹೆಚ್ಚುಕಡಿಮೆ ಇರುವುದು ನಿಜ. ಒಬ್ಬನ ಕಾಲು ನೀಳ, ಇನ್ನೊಬ್ಬನ ಉಸಿರು ದೀರ್ಘ. ಆದರೆ ಆ ಗುಣ ಬಂಗಲೆಗೂ ಗುಡಿಸಲಿಗೂ ಭೇದವೆಣಿಸುವುದಿಲ್ಲ. ಭೇದ ಮಾಡುವುದು ಮೈದಾನ, ಮೇಷ್ಟರು ಮತ್ತು ತಟ್ಟೆಯ ಅನ್ನ. ತಳಿ ಒಳ್ಳೆಯದೆಂದು ತೆಂಗಿನ ಸಸಿಗೆ ನೀರು ಬಿಡದೆ ಕುಳಿತ ರೈತನನ್ನು ಅರಸೀಕೆರೆಯ ಸೀಮೆಯಲ್ಲಿ ಜಾಣನೆನ್ನುತ್ತಾರೆಯೆ?

2009ರ ಶಿಕ್ಷಣ ಹಕ್ಕು ಕಾಯಿದೆ ಪ್ರತಿ ಶಾಲೆಗೂ ಆಟದ ಮೈದಾನ ಬೇಕೆಂದಿದೆ. ಆದರೆ ಅದರ ರಕ್ಷಣೆ ಹದಿನಾಲ್ಕನೆಯ ವಯಸ್ಸಿಗೆ ನಿಂತುಹೋಗುತ್ತದೆ. ಮಗು ಒಂಬತ್ತನೇ ಕ್ಲಾಸಿಗೆ ಬಂದು, ಮೈ ಬಲಿಯುವ ಹೊತ್ತಿಗೆ ಸರಿಯಾಗಿ ಕಾಯಿದೆ ಕೈಬಿಡುತ್ತದೆ! ಇನ್ನು ಊಟದ ಮಾತು. 2024ರಲ್ಲಿ ಶಾಲಾ ಮಕ್ಕಳಿಗೆ ವಾರಕ್ಕೆ ಆರು ಮೊಟ್ಟೆ ಎಂದು ಘೋಷಣೆಯಾಯಿತು. ಅದರಲ್ಲಿ ಸರ್ಕಾರದ್ದು ಎರಡು. ನಾಲ್ಕು ಖಾಸಗಿ ಪ್ರತಿಷ್ಠಾನವೊಂದರ ದಾನ. ದಾನಿಗಳಿಗೆ ನಮಸ್ಕಾರ. ಆದರೆ ಮಗುವಿನ ಮೊಟ್ಟೆ ದಾನವಾಗಬೇಕೆ, ಹಕ್ಕಾಗಬೇಕೆ?

"ಆಟ ಹೊಟ್ಟೆಗೆ ಹಿಟ್ಟು ಕೊಡುತ್ತದೆಯೆ?" ಎಂದು ನಮ್ಮ ಅಂಗಡಿಯ ಅಣ್ಣಂದಿರು ಕೇಳಬಹುದು. ಎಲ್ಲ ಮಕ್ಕಳಿಗೂ ಪದಕ ಬರುವುದಿಲ್ಲ, ನಿಜ. ಆದರೆ ಗಟ್ಟಿ ಮೈ, ಸೋತರೂ ಕುಗ್ಗದ ಮನಸ್ಸು, ಜೊತೆಗಾರನಿಗೆ ಚೆಂಡು ಬಿಟ್ಟುಕೊಡುವ ಗುಣ ಎಲ್ಲರಿಗೂ ಬರುತ್ತದೆ. ದುಡಿದು ತಿನ್ನುವವರಿಗೆ ಇದಕ್ಕಿಂತ ದೊಡ್ಡ ಆಸ್ತಿ ಯಾವುದು?

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಪ್ರತಿ ಸರ್ಕಾರಿ ಹೈಸ್ಕೂಲಿಗೂ ಮೈದಾನ. ಅದರ ಒಂದು ಗೇಣು ನೆಲವೂ ಪರಭಾರೆಯಾಗಕೂಡದು. ಪ್ರತಿ ಹೈಸ್ಕೂಲಿಗೂ ದೈಹಿಕ ಶಿಕ್ಷಕರು. ಅವರನ್ನು ಬೇರೆ ಕೆಲಸಕ್ಕೆ ಎಳೆಯಕೂಡದು. ಆಟದ ಪೀರಿಯಡ್ಡನ್ನು ಗಣಿತಕ್ಕೆ ಕಸಿಯಕೂಡದು. ಹುಡುಗಿಯರಿಗೂ ಹುಡುಗರಷ್ಟೇ ಹೊತ್ತು ಮೈದಾನ ಸಿಗಬೇಕು. ಕ್ರೀಡಾಕೂಟದಲ್ಲಿ ಒಂದು ಮಗು ಒಂದು ದಿನಕ್ಕೆ ಇಷ್ಟೇ ಸ್ಪರ್ಧೆ ಎಂಬ ಮಿತಿಯನ್ನು ಬಿಗಿಯಾಗಿ ಪಾಲಿಸಬೇಕು. ಬೂಟು, ಮೊಟ್ಟೆ, ಹಾಲು ಸರ್ಕಾರದ ಖರ್ಚು.

2023ರಲ್ಲಿ ಬೇಲೂರು ಹಳೇಬೀಡಿನ ಗುಡಿಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಸಂತೋಷ. ಆ ಕಲ್ಲುಗಳು ತಾವಾಗಿ ಶಿಲ್ಪಗಳಾಗಲಿಲ್ಲ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜನೂ ಮಗ ಚಾವಣನೂ ಉಳಿ ಹಿಡಿದು ದುಡಿದರು. ಕಲ್ಲಿಗೆ ಸಲ್ಲಿಸಿದ ಶ್ರದ್ಧೆಯನ್ನು ನಮ್ಮ ಜೀವಂತ ಮಕ್ಕಳಿಗೆ ಸಲ್ಲಿಸಲು ಈ ಸರ್ಕಾರಕ್ಕೆ ಏನು ಅಡ್ಡಿ? ಮುಂದಿನ ಬಾರಿ ಓಟು ಕೇಳಲು ಬಂದವರನ್ನು ಹಾರ ಹಾಕುವ ಮೊದಲು ಹೈಸ್ಕೂಲಿನ ಮೈದಾನಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿ. ಕೇಳಿ: "ಸ್ವಾಮಿ, ಸೆಳೆ ಎಲ್ಲಿ?"