ನಾಯಕನ ನಡತೆ, ಅನುಯಾಯಿಯ ಹೊಣೆ

ಬಾಳ ಠಾಕ್ರೆಯವರು 2012ರ ನವೆಂಬರ್ 17ರಂದು ನಿಧನರಾದ ಮೇಲೂ ಅವರನ್ನು ಕುರಿತ ವಾದ ಮುಂಬಯಿಯಲ್ಲಿ ಮುಗಿದಿಲ್ಲ. ಕೆಲವರಿಗೆ ಅವರು ಮರಾಠಿಗರ ರಕ್ಷಕರು. ಇನ್ನು ಕೆಲವರಿಗೆ ದ್ವೇಷವನ್ನು ಬಿತ್ತಿದವರು. ಈ ವಾದದಲ್ಲಿ ಅನುಯಾಯಿಗಳ ಹೊಣೆಯ ಪ್ರಶ್ನೆ ಮರೆಯಾಗುತ್ತಿದೆಯೆಂಬುದು ನನ್ನ ಅಭಿಪ್ರಾಯ.

1966ರಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಗುರಿ ದಕ್ಷಿಣ ಭಾರತೀಯರು. ಕಚೇರಿಗಳಲ್ಲಿದ್ದ ಅವರ ಹೆಸರುಗಳನ್ನು ಠಾಕ್ರೆಯವರ ‘ಮಾರ್ಮಿಕ’ ವಾರಪತ್ರಿಕೆ ಪಟ್ಟಿಮಾಡಿ ಪ್ರಕಟಿಸಿತು. ಆ ವರ್ಷಗಳಲ್ಲಿ ನಮ್ಮ ಉಡುಪಿ ಹೋಟೆಲುಗಳ ಮೇಲೆ ಕಲ್ಲುಗಳು ಬಿದ್ದವು. ನಿರುದ್ಯೋಗಿ ಮರಾಠಿ ತರುಣನ ಸಂಕಟ ಸುಳ್ಳಾಗಿರಲಿಲ್ಲ. ಆದರೆ ಸಂಕಟ ನಿಜವೆಂದ ಮಾತ್ರಕ್ಕೆ ಕಲ್ಲೆಸೆತ ನ್ಯಾಯವಾಗದು.

ಮುಂದೆ ಗುರಿ ಬದಲಾಯಿತು. 1992-93ರ ಗಲಭೆಗಳಲ್ಲಿ ಠಾಕ್ರೆಯವರ ಪಾತ್ರವನ್ನು ಶ್ರೀಕೃಷ್ಣ ಆಯೋಗದ ವರದಿ 1998ರಲ್ಲಿ ಹೆಸರಿಸಿ ಹೇಳಿತು. ಧರ್ಮದ ಹೆಸರಿನಲ್ಲಿ ಮತ ಯಾಚಿಸಿದ್ದಕ್ಕಾಗಿ 1999ರಲ್ಲಿ ಆರು ವರ್ಷಗಳ ಮಟ್ಟಿಗೆ ಅವರ ಮತದಾನದ ಹಕ್ಕೂ ಹೋಯಿತು. ಅನುಯಾಯಿಗಳ ನಿಷ್ಠೆ ಕದಲಲಿಲ್ಲ. ‘ಈಗ ನಮ್ಮ ತಂಟೆಗೆ ಬರುವುದಿಲ್ಲವಲ್ಲ’ ಎಂದು ಸಮಾಧಾನಪಟ್ಟ ಕನ್ನಡಿಗರನ್ನೂ ನಾನು ಬಲ್ಲೆ.

ಇದು ಮುಂಬಯಿಗಷ್ಟೇ ಸೀಮಿತವಲ್ಲ. ಅಮೆರಿಕದಲ್ಲಿ 2021ರ ಜನವರಿ 6ರಂದು ಡೊನಾಲ್ಡ್ ಟ್ರಂಪರ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿದರು; 2024ರಲ್ಲಿ ಮತದಾರರು ಅವರನ್ನೇ ಮರಳಿ ಆರಿಸಿದರು.

ನಾಯಕನೊಬ್ಬನನ್ನೇ ದೂಷಿಸಿದರೆ ಕಲ್ಲೆತ್ತಿದ ಕೈ ನಿರಪರಾಧಿಯಾಗಿಬಿಡುತ್ತದೆ. ಅನುಯಾಯಿಗಳೆಲ್ಲ ಮೂಢರೆಂದರೆ ಅವರ ಸಂಕಟವನ್ನು ಕೇಳುವವರಿಲ್ಲದಂತಾಗುತ್ತದೆ. ಎರಡೂ ತಪ್ಪು. ಹೊಟ್ಟೆಪಾಡಿಗೆಂದು ಈ ನಗರಕ್ಕೆ ಬಂದು ಅದರ ಏಟನ್ನು ಮೊದಲು ತಿಂದ ನಾವು, ಕಲ್ಲು ಯಾರ ಅಂಗಡಿಯ ಮೇಲೆ ಬಿದ್ದರೂ ಅದನ್ನು ಅನ್ಯಾಯವೆಂದೇ ಕರೆಯಬೇಕು. ಎಸೆದವನು ನೆರೆಮನೆಯವನಾಗಿದ್ದರೆ ಅವನೊಡನೆ ಮಾತನ್ನೂ ಬಿಡಬಾರದು.